ಬೀಗಿತ್ತಿ ಹತ್ತಿದ ಜಟಕಾ

ಬಿನ್ನಿಪೇಟೆ, ಚಾಮರಾಜಪೇಟೆಗಳಲ್ಲಿ ಈ ಪ್ರಸಂಗವನ್ನು ಹಲವು ಬಗೆಯಾಗಿ ಹೇಳುತ್ತಾರೆ. ಕೆಲವರ ಪ್ರಕಾರ ಕುದುರೆ ಬಿಳಿ, ಕೆಲವರ ಪ್ರಕಾರ ಕಂದು. ಇಲ್ಲಿರುವುದು ಹೂವಿನ ಚಿಕ್ಕಮುನಿಯಮ್ಮನವರು ಹೇಳಿದ್ದು. ಬಣ್ಣದ ವಿಚಾರವನ್ನು ಅವರು ಎತ್ತಲಿಲ್ಲ.

ಎಪ್ಪತ್ತರ ದಶಕದ ಆರಂಭ. ಬಸವನಗುಡಿಯ ರಾಮಾಂಜಿನಪ್ಪನವರ ಮಗಳಿಗೆ ಬಿನ್ನಿಪೇಟೆಯ ಗಂಡು ಗೊತ್ತಾಗಿ, ವೀಳ್ಯ ಬದಲಾಯಿಸುವುದೊಂದೇ ಉಳಿದಿತ್ತು. ಆದರೆ ಗಂಡಿನ ತಾಯಿ ನಾರಾಯಣಮ್ಮನವರು ಹಿಂದೊಂದು ಸಂಬಂಧವನ್ನು ವೀಳ್ಯದ ದಿನವೇ ಮುರಿದು ಎದ್ದು ಬಂದವರು. ಆ ಹೆಣ್ಣಿನ ಕಡೆಯವರಾರೋ, "ಅವರಿಗೆ ಬೆತ್ತದ ಕುರ್ಚಿ ಬೇಡ, ಮರದ್ದು ಹಾಕಿ" ಎಂದಿದ್ದರಂತೆ. ನಾರಾಯಣಮ್ಮನವರದು ತುಂಬಿದ ಶರೀರ. ಅದರ ಮಾತು ಯಾರ ಬಾಯಿಂದಲೂ ಹೊರಡಬಾರದೆಂದು ಮನೆಯವರಿಗೆಲ್ಲ ತಾಕೀತು ಮಾಡಿ, ರಾಮಾಂಜಿನಪ್ಪನವರು ಅವರನ್ನು ಕರೆತರಲು ತಾವೇ ಜಟಕಾ ಮಾಡಿಕೊಂಡು ಹೋದರು.

ನಾರಾಯಣಮ್ಮ ಗಾಳಿ ಬರಲೆಂದು ಗಾಡಿಯ ಹಿಂತುದಿಯಲ್ಲಿ, ಹಿಂದಕ್ಕೆ ಮುಖ ಮಾಡಿ ಕುಳಿತರು. ಕೂಡಲೇ ಜಟಕಾ ಹಿಂದಕ್ಕೆ ವಾಲಿತು. ಕುದುರೆಯ ಎರಡು ಪಕ್ಕದ ಮೂಕಿಮರಗಳು ಮೇಲೆದ್ದವು. ಹೊಟ್ಟೆಪಟ್ಟಿಗೆ ಸಿಕ್ಕಿದ ಕುದುರೆ ತುದಿಗಾಲಲ್ಲಿ ನಿಂತಿತು.

ಗಾಡಿ ಹೊಡೆಯುವ ಓಬಳಪ್ಪ ಎಂದಿನಂತೆ ಬಾಯಿ ತೆರೆದ. "ಅಮ್ಮಾವ್ರೇ, ದಪ್ಪ ಇರೋರು..."

"ದಪ್ಪ ಇರೋನು ನಾನೇ ಕಣಪ್ಪ. ಮುಂದಕ್ಕೆ ಬಂದೆ," ಎಂದರು ರಾಮಾಂಜಿನಪ್ಪ.

ಓಬಳಪ್ಪ ಅವರ ಕಡ್ಡಿಯಂಥ ಕಾಲುಗಳನ್ನು ನೋಡಿದ. "ನೀವಾ ಸ್ವಾಮಿ?"

"ನೋಡೋಕೆ ಹೀಗಿದೀನಿ. ಮೂಳೆ ಭಾರ."

ಮುಂದಿನ ಹಲಗೆಗೆ ಸರಿದರು, ಸಾಲಲಿಲ್ಲ. ಓಬಳಪ್ಪನ ಪಕ್ಕಕ್ಕೆ ಬಂದರು, ಆಗಲೂ ಸಾಲಲಿಲ್ಲ. ಕೊನೆಗೆ ಮೂಕಿಮರದ ಮೇಲೆ ಜರುಗುತ್ತ ಜರುಗುತ್ತ ಕುದುರೆಯ ಸೊಂಟದ ಬಳಿ ತಲುಪಿದಾಗ ಗಾಡಿ ನೆಟ್ಟಗಾಯಿತು. ಚಕ್ರದ ಹತ್ತಿರದ ದೊಡ್ಡ ಭಾರವನ್ನು ದೂರದ ಸಣ್ಣ ಭಾರ ತೂಗಿ ನಿಲ್ಲಿಸಿತ್ತು. ಏರು ಬಂದಲ್ಲೆಲ್ಲ ಅವರು ಒಂದು ಗೇಣು ಮುಂದಕ್ಕೆ, ಇಳಿಜಾರು ಬಂದಲ್ಲಿ ಒಂದು ಗೇಣು ಹಿಂದಕ್ಕೆ.

"ಬೀಗರೇ, ಅಲ್ಯಾಕೆ ಕೂತಿದೀರಿ?" ನಾರಾಯಣಮ್ಮ ಕೇಳಿದರು.

"ಕುದುರೆ ಅಂದ್ರೆ ನಂಗೆ ಪ್ರಾಣ."

"ಬಾಲದಲ್ಲಿ ಹೊಡೀತಿದೆಯಲ್ರೀ."

"ಸಲಿಗೆ, ಅಮ್ಮ."

ಜಟಕಾ ಹೆಣ್ಣಿನ ಮನೆಯ ಮುಂದೆ ನಿಂತಿತು. ರಾಹುಕಾಲ ಸಮೀಪಿಸುತ್ತಿತ್ತು. ನಾರಾಯಣಮ್ಮ ಮಾತ್ರ ಕದಲಲಿಲ್ಲ.

"ಹೆಣ್ಣಿನ ತಂದೆ ಎದುರಿಗೆ ಬಂದು ಕೈಮುಗಿದು ಕರೀಲಿ. ಆಮೇಲೆ ಇಳೀತೀನಿ."

"ಇಲ್ಲಿಂದ್ಲೇ ಮುಗಿದ್ರೆ ಆಗಲ್ವಾ?"

"ನನ್ನ ಬೆನ್ನಿಗೆ ಮುಗೀತೀರಾ?"

ಓಬಳಪ್ಪ ಪಿಸುಗುಟ್ಟಿದ: "ನೀವಿಳಿದ್ರೆ ಅವರು ಹಿಂದಕ್ಕೆ ಹೋಗ್ತಾರೆ ಸ್ವಾಮಿ."

"ಇಳೀದಿದ್ರೆ ಸಂಬಂಧ ಹೋಗತ್ತೆ," ಎಂದು ರಾಮಾಂಜಿನಪ್ಪ ಧುಮುಕಿದರು.

ಓಬಳಪ್ಪ ಮೂಕಿಮರಕ್ಕೆ ಜೋತುಬಿದ್ದುದರಿಂದ ಜಟಕಾ ಮೆಲ್ಲಗೆ ಹಿಂದಕ್ಕೆ ಬಾಗಿತು. ಹಿಂಬದಿಯ ಹಲಗೆ ರಂಗೋಲಿಗೆ ತಾಗಿ, ನಾರಾಯಣಮ್ಮನವರ ಪಾದಗಳನ್ನು ನೆಲಕ್ಕೆ ಮುಟ್ಟಿಸಿತು. ಅವರು ಏಳದೆ ಹೊರಳಿ ನೋಡಿದರು. ಆ ತುದಿಯಲ್ಲಿ ಕುದುರೆ ಮುಂಗಾಲುಗಳೆರಡನ್ನೂ ಜೋಡಿಸಿ ಮೇಲೆತ್ತಿತ್ತು. ಈ ತುದಿಯಲ್ಲಿ ರಾಮಾಂಜಿನಪ್ಪ ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು.

"ನೀವು ಕೈಮುಗೀರಿ ಅಂದ್ರೆ ಕುದುರೆ ಕೈಲೂ ಮುಗಿಸಿದ್ರಲ್ಲ ಬೀಗರೇ," ಎಂದರು ನಾರಾಯಣಮ್ಮ. "ಹಿಂದಿನವರು ಒಂದು ಕುರ್ಚಿ ಕೊಡೋಕೆ ಯೋಚ್ನೆ ಮಾಡಿದ್ರು. ವೀಳ್ಯದ ತಟ್ಟೆ ತರ್ಸಿ."

ವೀಳ್ಯ ಬದಲಾಯಿತು. ಮದುವೆಗೂ ಅದೇ ಜಟಕಾ ಕಳುಹಿಸಬೇಕೆಂದು ನಾರಾಯಣಮ್ಮ ಅಪ್ಪಣೆ ಮಾಡಿ ಹೋದರು. ಅಂದಿನಿಂದ ರಾಮಾಂಜಿನಪ್ಪನವರು ಎರಡು ಹೊತ್ತೂ ಮುದ್ದೆಗೆ ತುಪ್ಪ ಹೆಚ್ಚಾಗಿ ಹಾಕಿಸಿಕೊಂಡು ಉಣ್ಣತೊಡಗಿದರೆಂದು ಚಿಕ್ಕಮುನಿಯಮ್ಮ ಹೇಳುತ್ತಾರೆ.