ಮುಚ್ಚಳದೊಳಗಿನ ನಂಬರು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದೇ ಒಂದು ಸುಳ್ಳು ಹೇಳಿ ಒಂದು ಕಂಬ ನೆಟ್ಟೆ. ಹಳ್ಳಿಗಳಿಗೆ ಇಂಟರ್ನೆಟ್ ಪೆಟ್ಟಿಗೆ ಕೂರಿಸುವುದು ನನ್ನ ಕೆಲಸ. ಹೆಸರು ತಿಮ್ಮರಾಜು, ಊರು ಹೊಸೂರಿನ ಪಕ್ಕದ ಮೂಕಂಡಪಲ್ಲಿ.

ಕೆಲಮಂಗಲದ ಆಚೆ, ಗುಡ್ಡದ ಮರೆಯಲ್ಲಿ ಒಂದು ಸಣ್ಣ ಊರು. ಫೋನು ಹಿಡಿದು ಮಾಳಿಗೆ ಹತ್ತಿದರೂ ಸಿಗ್ನಲ್ಲು ಸಿಗದು. ಪೆಟ್ಟಿಗೆಯೊಳಗೆ ಈಗ ಬರುವ ಹೊಸ ಎಲೆಕ್ಟ್ರಾನಿಕ್ ಚಿಪ್ಪು ಅಗ್ಗದ್ದು, ದೂರದ ಸಿಗ್ನಲ್ಲನ್ನೂ ಹಿಡಿಯುತ್ತದೆ. ಆದರೂ ಎಲ್ಲಾದರೂ ಒಂದು ಕಡೆ ಟವರು ಕಣ್ಣಿಗೆ ಬೀಳಬೇಕಲ್ಲ! ಊರೆಲ್ಲ ಅಲೆದೆ. ಬಿದ್ದದ್ದು ಒಂದೇ ಜಾಗದಲ್ಲಿ, ಕನಕಮ್ಮನ ರಾಗಿ ಹೊಲದ ಮೇಲ್ಮೂಲೆಯಲ್ಲಿ. ಅಲ್ಲಿ ಅವಳ ಮಗಳು ನಾಗವೇಣಿಯನ್ನು ಮಣ್ಣು ಮಾಡಿ ಮೂರು ತಿಂಗಳಾಗಿತ್ತು. ಇಪ್ಪತ್ತೆರಡರ ಹುಡುಗಿ. ಡೆಂಗಿ ಜ್ವರ ನಾಲ್ಕೇ ದಿನದಲ್ಲಿ ಮುಗಿಸಿತ್ತು.

ಕಂಬ ನೆಟ್ಟು ಪೆಟ್ಟಿಗೆ ಕೂರಿಸಲು ಆ ಜಾಗ ಕೇಳುವುದಕ್ಕೆ ನನಗೇ ನಾಚಿಕೆಯಾಯಿತು. ಆದರೂ ಕೇಳಿದೆ.

“ಮಲಗಿರೋಳ ತಲೆ ಹತ್ರ ಗುಂಡಿ ತೋಡ್ತೀಯೇನಪ್ಪ?” ಎಂದಳು ಕನಕಮ್ಮ. ಆಮೇಲೆ ನನ್ನ ಕೈಯಲ್ಲಿದ್ದ ಪೆಟ್ಟಿಗೆಯನ್ನೇ ನೋಡುತ್ತ ನಿಂತಳು. “ನನ್ ಮಗ್ಳು ಹೊಸೂರು ಫ್ಯಾಕ್ಟ್ರೀಲಿ ಇಂಥವನ್ನೇ ನೋಡ್ತಿದ್ಲು. ಚಿಪ್ಪು ಸರ್ಯಾಗಿ ಕೂತೈತಾ ಅಂತ ಭೂತಗನ್ನಡೀಲಿ ನೋಡಿ, ತನ್ ನಂಬರು ಅಂಟಿಸ್ತಿದ್ಲಂತೆ. ಇದು ಅವ್ಳು ನೋಡಿದ್ದಾ? ಬಿಚ್ಚಪ್ಪ, ನೋಡಾನ.”

ಮುಚ್ಚಳ ಬಿಚ್ಚಿದೆ. ಒಳಗೆ ಉಗುರಿನಷ್ಟು ಚೀಟಿ, ಅದರ ಮೇಲೆ ನೂರಾ ಹನ್ನೆರಡು. ನಾಗವೇಣಿಯ ನಂಬರು ಯಾವುದೋ ನಾನೇನು ಬಲ್ಲೆ? ಓದು ಬಾರದ ಹೆಂಗಸು, ತಿಳಿಯುವುದಿಲ್ಲ ಅಂದುಕೊಂಡು, “ಹೂಂ ಅಕ್ಕಾ, ನಾಗವೇಣಿದೇ” ಅಂದುಬಿಟ್ಟೆ.

ಅವಳು ಚೀಟಿಯನ್ನು ತುಂಬಾ ಹೊತ್ತು ನೋಡಿದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಐದೆಜ್ಜೆ ಆಚೆಗೆ ನೆಡು” ಎಂದಳು.

ಊರಿಗೆ ಇಂಟರ್ನೆಟ್ ಬಂತು. ಶಾಲೆಯ ಮಕ್ಕಳು ಫೋನಿನಲ್ಲೇ ಪಾಠ ನೋಡಿದರು. ಕನಕಮ್ಮ ಶುಕ್ರವಾರ ಶುಕ್ರವಾರ ಕಂಬ ಒರೆಸಿ ಕುಂಕುಮ ಇಡುತ್ತಿದ್ದಳು. ತಿಂಗಳಿಗೊಮ್ಮೆ ನಾನು ಹೋದಾಗ, “ನಾಗವೇಣಿ ಪೆಟ್ಗೆ ಎಂಗೈತಪ್ಪ?” ಅಂತ ಕೇಳುವಳು. “ನಾಗವೇಣಿ ಪೆಟ್ಗೆಗೇನಕ್ಕಾ, ಚೆನ್ನಾಗೈತೆ” ಅನ್ನುವೆ. ಅವಳು ಕೊಟ್ಟ ಮಜ್ಜಿಗೆಯನ್ನು ಅವಳ ಮುಖ ನೋಡದೆ ಕುಡಿದು ಹೊರಡುವೆ.

ಹೋದ ವಾರದ ಸಿಡಿಲಿಗೆ ಚಿಪ್ಪು ಸುಟ್ಟು ಕರಕಾಯಿತು. ಹೊಸ ಪೆಟ್ಟಿಗೆ ಹಿಡಿದು ಹೋದರೆ ಕನಕಮ್ಮ ಕಂಬ ತಬ್ಬಿಕೊಂಡು ನಿಂತಿದ್ದಾಳೆ.

“ಬಿಚ್ಬ್ಯಾಡ. ಇದನ್ನೇ ರಿಪೇರಿ ಮಾಡು.”

“ಆಗಲ್ಲಕ್ಕಾ. ಮಕ್ಳು ಕಾಯ್ತಾವ್ರೆ, ಬಿಡಕ್ಕಾ.”

ಅವಳು ಬಿಡಲಿಲ್ಲ. ಅವಳು ಹಾಗೆ ನಿಲ್ಲುವ ಹಾಗೆ ಮಾಡಿದವನು ನಾನೇ. ತಡೆಯಲಾಗಲಿಲ್ಲ. “ಅಕ್ಕಾ, ಅವತ್ತು ನಾನೇಳಿದ್ದು ಸುಳ್ಳು. ಅದು ನಾಗವೇಣಿ ನಂಬರಲ್ಲ” ಅಂದೆ. ಹೊಡೆದರೆ ಹೊಡೆಯಲಿ ಅಂತ ತಲೆ ತಗ್ಗಿಸಿದೆ.

“ಗೊತ್ತು ಕಣಪ್ಪ” ಎಂದಳು. “ಅವ್ಳದು ನಲವತ್ತೇಳು. ಊಟದ ಡಬ್ಬಿ ಮ್ಯಾಲೆ ಬರ್ಕಂಡಿದ್ಲು. ಅಕ್ಷರ ಬರಲ್ಲ ನಂಗೆ, ನಂಬರು ಬತ್ತದೆ. ದಿನಾ ಡೇರಿಗೆ ಹಾಲು ಹಾಕಿ ಚೀಟೀಲಿ ಲೆಕ್ಕ ನೋಡೋಳು ನಾನು.”

“ಮತ್ತೆ ಜಾಗ ಯಾಕೆ ಕೊಟ್ಟೆ?”

“ಮಣ್ ಮಾಡಿದ್ಮ್ಯಾಲೆ ಈ ಊರಾಗೆ ಯಾರೂ ಅವ್ಳ ಹೆಸ್ರೇ ಎತ್ತಾಕಿಲ್ಲ. ಎತ್ತಿದ್ರೆ ನಾನು ಅಳ್ತೀನಂತೆ. ಅವತ್ತು ನೀನೊಬ್ಬ ಅಂದೆ. ಆಮ್ಯಾಲೂ ಬಂದು ಬಂದು ನಾಗವೇಣಿ, ನಾಗವೇಣಿ ಅಂತಿದ್ದೆ. ಸುಳ್ಳೋ ನಿಜಾನೋ, ಕಿವೀಗೆ ಬೀಳ್ತಿತ್ತಲ್ಲ.”

ನನಗೆ ಅಳು ಬಂತು. ಅವಳೇ ಕಂಬ ಬಿಟ್ಟು ಸರಿದಳು. ಸುಟ್ಟ ಪೆಟ್ಟಿಗೆ ಇಳಿಸಿ ಅವಳ ಕೈಗೇ ಕೊಟ್ಟೆ.

“ಹೊಸದ್ರಲ್ಲಿ ಯಾವ ನಂಬರೈತೆ, ನೋಡು” ಎಂದಳು.

ಬಿಚ್ಚಿದೆ. ಚೀಟಿ ಇರಲಿಲ್ಲ. “ಇಲ್ಲಕ್ಕಾ. ಈಗ ಚಿಪ್ಪು ನೋಡೋದೆಲ್ಲ ಮಷೀನೇ. ಕೈಯಾಗೆ ಯಾರೂ ನೋಡಲ್ಲ.”

ಕನಕಮ್ಮ ಮಗಳ ಸಮಾಧಿಯ ಗುಡ್ಡೆಯ ಪಕ್ಕ ಕೂತು, ಸುಟ್ಟ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡಳು.

“ಅಂಗಾದ್ರೆ ಇನ್ಮ್ಯಾಲೆ ನಾಗವೇಣಿದು ಅಂತ ಸುಳ್ ಯೋಳಾಕೂ ಆಗಲ್ವಲ್ಲಪ್ಪ ನಿಂಗೆ” ಎಂದಳು.