ಬಾರ್ ಕೌಂಟರಿನ ಹಿಂದೆ ದೋಸೆಯ ಕಾವಲಿ

ಪಾನನಿಷೇಧ ಜಾರಿಯಾಗಿ ಮುಂಬಯಿಯ ಬಾರುಗಳೆಲ್ಲ ಬಾಗಿಲು ಹಾಕಿಕೊಂಡಾಗ ಫೋರ್ಟ್ ಪ್ರದೇಶದ ಫ್ರಾಮ್ಜಿ ಸೇಠರ ಬಾರೂ ಮುಚ್ಚಿತು. ವರ್ಷಗಟ್ಟಲೆ ಬೇರೆಯವರ ಹೋಟೆಲುಗಳಲ್ಲಿ ಅಡುಗೆ ಮಾಡಿ ಸವೆದಿದ್ದ ಕೊರಗಪ್ಪ ಆ ಜಾಗ ಬಾಡಿಗೆಗೆ ಹಿಡಿದು ಸ್ವಂತ ಹೋಟೆಲು ಇಡಲು ಹೊರಟ. ಸೇಠರದು ಒಂದೇ ಷರತ್ತು, ಒಳಗಿನ ಏನನ್ನೂ ಒಡೆಯಬಾರದು.

"ನನ್ನ ಅಪ್ಪ ಆಸೆಪಟ್ಟು ಕಟ್ಟಿಸಿದ್ದು. ಸಂಭಾಲ್ ಕೇ ರಖನಾ, ಜೋಪಾನವಾಗಿ ಇಟ್ಟುಕೋ, ಕೊರಗಪ್ಪಾ," ಎಂದು ಮುದುಕರು ಕೌಂಟರನ್ನು ಸವರಿದ್ದರು.

ಅದು ಎರಡು ಮಹಾಯುದ್ಧಗಳ ನಡುವೆ ಮುಂಬಯಿ ಹೊಸ ಷೋಕಿ ಕಲಿಯುತ್ತಿದ್ದ ಕಾಲದ ಕೆಲಸ. ಬರ್ಮಾ ತೇಗದ ಕೌಂಟರು ಹಡಗಿನ ಮೂತಿಯಂತೆ ಬಾಗಿತ್ತು. ಕೆಳಗೆ ಕಾಲಿಡಲು ಹಿತ್ತಾಳೆಯ ಸರಳು, ಮುಂದೆ ಎತ್ತರದ ಸ್ಟೂಲುಗಳು. ಹಿಂದಿನ ಗೋಡೆಯ ತುಂಬ ಕನ್ನಡಿ, ಅದರ ಮೇಲೆ ಹುಟ್ಟುವ ಸೂರ್ಯನ ಕಿರಣಗಳನ್ನು ಕೊರೆದಿದ್ದರು. ನೋಡಲು ಅರಮನೆಯೇ. ಆದರೆ ಆ ಅಂದವೇ ಕೊರಗಪ್ಪನ ವ್ಯಾಪಾರಕ್ಕೆ ಕಲ್ಲು ಹಾಕಿತು.

ಹೋಟೆಲು ತೆರೆದ ವಾರದಲ್ಲೇ ಮೈಸೂರು ಕಡೆಯ ಗಂಡಹೆಂಡತಿ ಬಾಗಿಲವರೆಗೆ ಬಂದರು. ಗಂಡ ಸತ್ಯಮೂರ್ತಿ ಹತ್ತಿರದ ಆಫೀಸಿನ ಗುಮಾಸ್ತ. ಒಳಗೆ ಇಣುಕಿದವನೇ ಹಿಂದೆ ಸರಿದ.

"ಬಾ ಬಾ ಅಲಮೇಲು, ಇದು ಹೆಂಡದಂಗಡಿ ಕಣೇ. ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?"

"ಉಡುಪಿ ಹೋಟ್ಲು ಅಂತ ಬೋರ್ಡಿದೆಯಲ್ರೀ!"

"ಬೋರ್ಡು ಮುಂದೆ, ಬಾಟ್ಲಿ ಹಿಂದೆ. ಗೊತ್ತಿಲ್ವೇ ನಿಂಗೆ?"

ಇಬ್ಬರೂ ಹೋದರು. ಅವರಂತೆಯೇ ಎಷ್ಟೋ ಮಂದಿ ಹೋದರು. ಕೊರಗಪ್ಪನ ತಾಳ್ಮೆ ಕೆಟ್ಟಿತು. ಸೇಠರು ಏನಾದರೂ ಹೇಳಿಕೊಳ್ಳಲಿ, ಕೌಂಟರು ಒಡೆಸಿಯೇ ಬಿಡುತ್ತೇನೆ ಎಂದು ಮನೆಯಲ್ಲಿ ಕೂಗಾಡಿದ. ಮಾರನೆಯ ಬೆಳಿಗ್ಗೆ ಅವನ ಹೆಂಡತಿ ಸೇವಂತಿ ವಡಾಲದ ಮನೆಯಿಂದ ಲೋಕಲ್ ರೈಲು ಹತ್ತಿ ತಾನೇ ಬಂದಳು. ಸ್ಟೂಲೇರಿ ಕುಳಿತು, ಕಾಲು ಆಡಿಸುತ್ತ ಸುತ್ತಲೂ ನೋಡಿದಳು.

"ಇಷ್ಟು ಚಂದದ್ದನ್ನು ಒಡೆಯುದಾ? ನಿಮಗೆ ಮರುಳಾ?"

"ಮತ್ತೆಂತ ಮಾಡುದು ಮಾರಾಯ್ತಿ? ಜನ ಹೆದರ್ತಾರೆ."

"ಕೌಂಟರಿನ ಹಿಂದೆ ಎಂತ ಉಂಟೂಂತ ಕಾಣುದಿಲ್ಲ, ಅದಕ್ಕೆ ಹೆದರುದು. ನಿಮ್ಮ ಒಲೆಯನ್ನು ಇಲ್ಲಿಗೆ ತನ್ನಿ. ಎಲ್ಲರ ಎದುರೇ ದೋಸೆ ಹೊಯ್ಯಿರಿ."

"ಎಲ್ಲರ ಎದುರಾ? ನಾನಾ?"

ಕೊರಗಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಅವನು ಆಯುಷ್ಯವಿಡೀ ಗೋಡೆಯ ಹಿಂದೆ ಬೇಯಿಸಿದವನು. ತಿಂದವರಿಗೆ ಗಲ್ಲಾದ ಮೇಲಿನ ಧಣಿಯ ಮುಖ ಗೊತ್ತಿತ್ತೇ ಹೊರತು ಅವನದಲ್ಲ. ಆದರೆ ಸೇವಂತಿ ಹಠ ಹಿಡಿದರೆ ಮುಗಿಯಿತು. ಬಾರಿನ ಕಾಲದಲ್ಲಿ ಐಸು ತುಂಬಿಡುತ್ತಿದ್ದ ಸತುವಿನ ತೊಟ್ಟಿ ಕೌಂಟರಿನ ಹಿಂದೆ, ಕಿಟಕಿಯ ಬದಿಗಿತ್ತು. ಅದರಲ್ಲಿ ಇದ್ದಿಲ ಒಲೆ ಕೂತಿತು, ಮೇಲೆ ಕಾವಲಿ ಏರಿತು. ತೇಗಕ್ಕೆ ಬಿಸಿ ತಾಗಲಿಲ್ಲ.

ಮೊದಲ ದೋಸೆ ಎಬ್ಬಿಸುವಾಗ ಅವನ ಕಣ್ಣು ಬೀದಿಯ ಕಡೆಗಿತ್ತು, ದೋಸೆ ಹರಿದೇ ಹೋಯಿತು. ಸೇವಂತಿ ಕಿಸಕ್ಕೆಂದು ನಕ್ಕಳು.

"ಅದನ್ನು ನನಗೆ ಕೊಡಿ. ಹೆಂಡತಿ ತಿಂದರೆ ಯಾರೂ ಕೇಳುದಿಲ್ಲ."

ಎರಡನೆಯದು ಚಂದ್ರನಂತೆ ಎದ್ದು ಬಂತು. ತುಪ್ಪದ ಪರಿಮಳ ಕಿಟಕಿ ದಾಟಿ ಫುಟ್‌ಪಾತಿಗೆ ಇಳಿಯಿತು. ಹೋಗುತ್ತಿದ್ದವರು ನಿಂತರು. ಸೀರೆ ಉಟ್ಟ ಹೆಂಗಸೊಬ್ಬಳು ಬಾರಿನ ಸ್ಟೂಲಿನಲ್ಲಿ ಕೂತು ನಿಶ್ಚಿಂತೆಯಿಂದ ದೋಸೆ ತಿನ್ನುವುದನ್ನು ಕಂಡು ಒಬ್ಬೊಬ್ಬರಾಗಿ ಒಳಗೆ ಬಂದರು. ಶನಿವಾರದ ಹೊತ್ತಿಗೆ ಕೌಂಟರಿನ ಮುಂದೆ ಕೂರಲು ಜಾಗ ಸಿಗುವುದೇ ಕಷ್ಟವಾಯಿತು.

ಆ ಶನಿವಾರವೇ ಅಲಮೇಲು ಮತ್ತೆ ಬಂದಳು. ಗಂಡ ತಡೆಯುವ ಮೊದಲೇ ಸೆರಗು ಸಿಕ್ಕಿಸಿಕೊಂಡು ಸ್ಟೂಲು ಹತ್ತಿದಳು. ಸತ್ಯಮೂರ್ತಿ ಕೊಡೆ ಹಿಡಿದು ಅತ್ತಿತ್ತ ನೋಡುತ್ತ ನಿಂತ.

"ಕೂತ್ಕೊಳ್ರೀ. ನಿಮ್ಮ ಹೆಡ್‌ಕ್ಲರ್ಕು ಆ ತುದೀಲಿ ಎರಡನೇ ದೋಸೆ ಮುಗಿಸ್ತಿದ್ದಾರೆ!"

ಸುತ್ತಲಿನವರೆಲ್ಲ ಗೊಳ್ಳೆಂದರು. ಹೆಡ್‌ಕ್ಲರ್ಕು ಚಟ್ನಿಯ ಬೆರಳೆತ್ತಿ ನಮಸ್ಕರಿಸಿದರು. ಸತ್ಯಮೂರ್ತಿ ನಾಚುತ್ತ ಕೂತ, ಒಂದು ತುತ್ತು ಬಾಯಿಗಿಟ್ಟ. ಆಮೇಲೆ ಕೊಡೆಯನ್ನು ಕೌಂಟರಿಗೆ ಒರಗಿಸಿ ತಟ್ಟೆಯನ್ನು ಹತ್ತಿರ ಎಳೆದುಕೊಂಡ.

"ಇಷ್ಟು ಗರಿಗರಿ ದೋಸೆ ಈ ಊರಲ್ಲಿ ತಿಂದೇ ಇಲ್ಲ. ನಿಮ್ಮ ಹೆಸರೇನು?" ಎಂದು ಅಲಮೇಲು ಕೇಳಿದಳು.

ಕೊರಗಪ್ಪ ಸಟ್ಟುಗ ಕೆಳಗಿಟ್ಟ. ತಿಂದವರು ಅವನ ಹೆಸರು ಕೇಳಿದ್ದು ಇದೇ ಮೊದಲು.

"ಕೊರಗಪ್ಪ!" ಎಂದ. ದನಿ ಬೇಕಾದ್ದಕ್ಕಿಂತ ಜೋರಾಗಿ ಇಡೀ ಹೋಟೆಲು ತಿರುಗಿ ನೋಡಿತು. ಕಿವಿಯವರೆಗೆ ಕೆಂಪಾಗಿ ಅವನು ಕಾವಲಿಯತ್ತ ಬಾಗಿದ.

"ಕೊರಗಪ್ಪನವರೇ, ಇನ್ನೊಂದು ಹಾಕಿ," ಎಂದ ಸತ್ಯಮೂರ್ತಿ.