ಶಾಗಿಯಕ್ಕೆ ಮೊದಲ ಸ್ಥಾನ

ಕೊಳ್ಳೇಗಾಲದ ರೇಷ್ಮೆಗೂಡು ಕಂಪನಿಯೊಂದರ ಮಹಡಿಯಲ್ಲಿ ಕೂತು ಯಶೋದ ನಾಲ್ಕು ತಿಂಗಳಿಂದ ಎರಡು ಸಾಫ್ಟ್‌ವೇರುಗಳಿಗೆ ಗಂಟು ಹಾಕುತ್ತಿದ್ದಳು. ಒಂದು, ಕ್ಲೌಡಿನಲ್ಲಿ ಕೂತು 'ಇಂಥ ಊರಿನ ಖರೀದಿ ಕೇಂದ್ರಕ್ಕೆ ಇಂಟರ್ನೆಟ್ ಲೈನು ಕೊಡು' ಎಂದು ಅಪ್ಪಣೆ ಮಾಡುವಂಥದ್ದು. ಇನ್ನೊಂದು ಕಂಟ್ರೋಲರ್, ಅಪ್ಪಣೆ ಸಿಕ್ಕಿದ್ದೇ ಹನೂರು, ಯಳಂದೂರು ಕಡೆಯ ಇಪ್ಪತ್ತೆರಡು ಕೇಂದ್ರಗಳ ಲೈನನ್ನು ತಾನೇ ಜೋಡಿಸಿ, ಬೇಡದ್ದನ್ನು ತಾನೇ ಕಳಚುವಂಥದ್ದು. ಮನುಷ್ಯರು ಕೈ ಹಾಕದಿದ್ದರೆ ತಪ್ಪೇ ಆಗುವುದಿಲ್ಲ ಅನ್ನುವುದು ಮ್ಯಾನೇಜರ್ ಮಹದೇವಪ್ರಸಾದರ ನಂಬಿಕೆ.

ಸೋಮವಾರ ಎರಡನ್ನೂ ಕೂಡಿಸಿದಳು. ಗುರುವಾರ ಮೊದಲ ವರದಿ ಬಂತು. ಒಂದು ಸಲವೂ ಲೈನು ತಪ್ಪದೆ, ಒಂದೇ ಒಂದು ದೂರಿಲ್ಲದೆ ಮೊದಲ ಸ್ಥಾನ ಪಡೆದ ಕೇಂದ್ರ: ಶಾಗಿಯ. ಮಹದೇವಪ್ರಸಾದ್ ಆಗಲೇ ಅಭಿನಂದನಾ ಪತ್ರ ಕಳಿಸಿಬಿಟ್ಟರು.

ಮಧ್ಯಾಹ್ನ ಶಾಗ್ಯದ ಕೇಂದ್ರ ನೋಡಿಕೊಳ್ಳುವ ರತ್ನ ಮೊಬೈಲಿಗೆ ಫೋನ್ ಮಾಡಿದಳು. "ಅಕ್ಕ, ಸೋಮವಾರದಿಂದ ನಮ್ ಲೈನ್ ಸತ್ತೋಗದೆ ಕಣಕ್ಕ. ತೂಕ ಕಂಪ್ಯೂಟರ್ಗೆ ಏರ್ಸಾಕೇ ಆಯ್ತಿಲ್ಲ. ಕಾದೂ ಕಾದೂ ನಮ್ ರೈತ ಕೆಂಪನಂಜಪ್ಪೋರ ಗೂಡೆಲ್ಲ ತೂತಾಗಿ ಚಿಟ್ಟೆ ಈಚ್ಗೆ ಬಂದ್ಬುಟ್ಟವೆ."

"ದೂರು ಯಾಕೆ ಕೊಡಲಿಲ್ಲ?"

"ದೂರು ಕೇಂದ್ರದ ಕಂಪ್ಯೂಟರ್ನಲ್ಲೇ ಕೊಡ್ಬೇಕಂತಲ್ಲ. ಅದ್ಕೂ ಲೈನ್ ಬ್ಯಾಡ್ವಾ?"

ಯಶೋದ ಎರಡೂ ಕಡೆಯ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. ಕಂಟ್ರೋಲರಿನಲ್ಲಿ ಊರಿನ ಹೆಸರು ಶಾಗ್ಯ. ಕ್ಲೌಡಿನ ಪಟ್ಟಿಯಲ್ಲಿ ಅವಳೇ ಅವಸರದಲ್ಲಿ ಬರೆದದ್ದು ಶಾಗಿಯ. ಕ್ಲೌಡು ಶಾಗಿಯವೆಂಬ ಹೊಸ ಕೇಂದ್ರವನ್ನೇ ಹುಟ್ಟಿಸಿ ಅದಕ್ಕೆ ಬೇಕಾದಷ್ಟು ಲೈನು ಕೊಡಿಸಿತ್ತು. ಪಟ್ಟಿಯಲ್ಲಿಲ್ಲದ ಶಾಗ್ಯವನ್ನು ಕಸವೆಂದು ಕಳಚಿಸಿತ್ತು. ಜನರಿಲ್ಲದ ಊರಿನಲ್ಲಿ ದೂರು ಎಲ್ಲಿಂದ ಬರಬೇಕು?

"ತಪ್ಪು ನನ್ನದೇ ಸಾರ್. ಶಾಗಿಯ ಅಳಿಸಿಬಿಡ್ತೀನಿ," ಎಂದಳು.

ಮಹದೇವಪ್ರಸಾದ್ ಹೌಹಾರಿದರು. "ಮೊದಲ ಸ್ಥಾನ ಬಂದದ್ದನ್ನ ಅಳಿಸ್ತೀರಾ? ಶಾಗ್ಯಾನೇ ಶಾಗಿಯ ಅಂತ ಮಾಡಿ."

ಎರಡು ನಿಮಿಷದ ಕೆಲಸ. ಕಂಟ್ರೋಲರಿನಲ್ಲಿ ಊರಿನ ಹೆಸರು ತಿದ್ದಿದ್ದೇ ರತ್ನಳ ಲೈನು ಬಂತು. ಇಷ್ಟು ಸುಲಭವಾಗಿ ಸರಿಹೋದದ್ದಕ್ಕೆ ಯಶೋದಳಿಗೆ ಇನ್ನಷ್ಟು ನಾಚಿಕೆಯಾಯಿತು.

ಲೈನು ಬಂದ ಮೇಲೆ ಶಾಗಿಯದಲ್ಲಿ ಜನ ಗೂಡು ತಂದರು, ತೂಕವಾಯಿತು, ತಕರಾರುಗಳೂ ಶುರುವಾದವು. ಮುಂದಿನ ವರದಿಯಲ್ಲಿ ಅದು ಹದಿನೇಳನೆಯ ಸ್ಥಾನಕ್ಕೆ ಇಳಿದಿತ್ತು. ಅಷ್ಟು ಚೆನ್ನಾಗಿದ್ದ ಕೇಂದ್ರ ಹೀಗೇಕಾಯಿತೆಂದು ಕಾರಣ ಕೇಳಿ ರತ್ನಳಿಗೆ ನೋಟೀಸು ಹೋಯಿತು.

"ಲೈನ್ ಇಲ್ದಾಗ ಅಭಿನಂದನೆ, ಬಂದ್ಮೇಲೆ ನೋಟೀಸು! ಏನಂತ ಬರೀಲಕ್ಕ?"

"ನೀನು ಬರೀಬೇಡ, ನಾನು ಬರೀತೀನಿ," ಎಂದಳು ಯಶೋದ. 'ಶಾಗ್ಯ ಕೇಂದ್ರದಲ್ಲಿ ಈಗ ಕೆಲಸ ನಡೆಯುತ್ತಿದೆ. ನಡೆಯದಿದ್ದ ದಿನಗಳಲ್ಲಿ ಕೆಂಪನಂಜಪ್ಪನವರ ಗೂಡು ಹಾಳಾಯಿತು. ಅದಕ್ಕೆ ನನ್ನ ತಪ್ಪೇ ಕಾರಣ, ಅವರಿಗೆ ಪರಿಹಾರ ಕೊಡಬೇಕು' ಎಂದು ಬರೆದು ತನ್ನ ಸಹಿ ಹಾಕಿದಳು.

ಪತ್ರ ಮೂರನೆಯ ದಿನ ಮಹದೇವಪ್ರಸಾದರ ಷರಾ ಹೊತ್ತು ವಾಪಸ್ಸು ಬಂತು: 'ಪರಿಹಾರಕ್ಕೆ ಒಪ್ಪಿದೆ. ಶಾಗ್ಯ ಎಂಬ ಕೇಂದ್ರ ನಮ್ಮ ಪಟ್ಟಿಯಲ್ಲಿಲ್ಲ. ಹೆಸರು ಸರಿಪಡಿಸಿ ಮತ್ತೆ ಸಲ್ಲಿಸಿ.'